ಸಿಂಧನೂರಿನ ಅರ್ಜಿ ಅಂಗಡಿ: ಐದು ಭಾಷೆಗಳ ಸರದಿಗೆ ಒಂದೇ ಕೌಂಟರ್

ಸಿಂಧನೂರಿನ ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದಾದ ದೂರದಲ್ಲಿರುವ ಈ ಅಂಗಡಿಯ ಫಲಕದ ಮೇಲೆ ‘ಆನ್‌ಲೈನ್ ಸೆಂಟರ್ ಮತ್ತು ಝೆರಾಕ್ಸ್’ ಎಂಬುದರ ಹೊರತು ಬೇರೆ ಹೆಸರಿಲ್ಲ. ಸುತ್ತಲಿನ ಹಳ್ಳಿ, ತಾಂಡಾ, ಕ್ಯಾಂಪುಗಳ ಜನ ಇದನ್ನು ಅರ್ಜಿ ಅಂಗಡಿ ಎಂದೇ ಕರೆಯುತ್ತಾರೆ. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಡಿತರ ಚೀಟಿಗೆ ಹೆಸರು ಸೇರಿಸುವುದು, ವೃದ್ಧಾಪ್ಯ ವೇತನ, ವಿದ್ಯಾರ್ಥಿವೇತನ, ಪಹಣಿ, ಬೆಳೆ ವಿಮೆ, ಗೃಹಲಕ್ಷ್ಮಿಯ ಹಣ ಬಂತೋ ಇಲ್ಲವೋ ಎಂಬ ವಿಚಾರಣೆ, ಹೀಗೆ ಸರಕಾರಕ್ಕೂ ಪ್ರಜೆಗೂ ನಡುವೆ ನಡೆಯುವ ಕಾಗದದ ವ್ಯವಹಾರವೆಲ್ಲ ಇಲ್ಲಿ ನಡೆಯುತ್ತದೆ. ಇಂಥ ಅಂಗಡಿಗಳು ಯಾವ ತಾಲೂಕು ಕೇಂದ್ರದಲ್ಲಿಯೂ ಹತ್ತಾರು ಸಿಗುತ್ತವೆ. ಆದರೂ ಇದೊಂದರ ಬಗ್ಗೆ ವಿವರವಾಗಿ ಬರೆಯಬೇಕೆನಿಸಿದ್ದಕ್ಕೆ ಕಾರಣ, ಹಲವು ಭಾಷೆ, ಹಲವು ಧರ್ಮ, ಹಲವು ಕುಲಗಳ ಸಮಾಜವನ್ನು ಒಂದು ಆಡಳಿತ ಹೇಗೆ ನಡೆಸಿಕೊಂಡು ಹೋಗಬೇಕು ಎಂದು ವಿಚಾರಸಂಕಿರಣಗಳಲ್ಲಿ ಚರ್ಚೆಯಾಗುವ ಪ್ರಶ್ನೆ ಇಲ್ಲಿ ದಿನಬೆಳಗಾದರೆ ಮೇಜಿನ ಮುಂದೆ ಬಂದು ಕುಳಿತುಕೊಳ್ಳುತ್ತದೆ, ಮತ್ತು ಅಂಗಡಿಯವರು ಅದಕ್ಕೆ ತಮ್ಮದೇ ಉತ್ತರಗಳನ್ನು ಕಂಡುಕೊಂಡಿದ್ದಾರೆ.

ಸರದಿಯಲ್ಲಿ ನಿಂತವರು ಯಾರೆಂದು ತಿಳಿಯಲು ಈ ಸೀಮೆಯ ಇತಿಹಾಸವನ್ನು ಸ್ವಲ್ಪ ನೆನೆಯಬೇಕಾಗುತ್ತದೆ. ರಾಯಚೂರು ಜಿಲ್ಲೆ 1956ರ ನವೆಂಬರ್ 1ರವರೆಗೆ ಹೈದರಾಬಾದ್ ಸಂಸ್ಥಾನಕ್ಕೆ, ಆಮೇಲೆ ಅದೇ ಹೆಸರಿನ ರಾಜ್ಯಕ್ಕೆ ಸೇರಿತ್ತು. ನಿಜಾಮರ ಕಾಲದಲ್ಲಿ ಕಚೇರಿಯಲ್ಲಿ ಉರ್ದು, ಮನೆ ಹೊಲಗಳಲ್ಲಿ ಕನ್ನಡ, ಪೂರ್ವದ ಅಂಚಿನಲ್ಲಿ ತೆಲುಗು ನಡೆಯುತ್ತಿದ್ದವು. ರಾಜ್ಯಗಳ ಮರುವಿಂಗಡಣೆಯಲ್ಲಿ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರದ ಪಾಲಾದವು. ಅದಕ್ಕೂ ಮೂರು ವರ್ಷ ಮೊದಲು, 1953ರಲ್ಲಿ, ನೆರೆಯ ಬಳ್ಳಾರಿಯಿಂದ ಆದೋನಿ, ಆಲೂರು, ರಾಯದುರ್ಗಗಳು ಬೇರೆಯಾಗಿದ್ದವು. ಭಾಷೆಯ ಆಧಾರದ ಮೇಲೆ ಗಡಿ ಎಳೆದದ್ದಾಯಿತು; ಆದರೆ ಗಡಿ ಎಳೆಯುತ್ತಿದ್ದ ಆ ವರ್ಷಗಳಲ್ಲಿಯೇ ತುಂಗಭದ್ರೆಯ ನೀರು ಕಾಲುವೆಗೆ ಹರಿಯತೊಡಗಿತು, ಎಡದಂಡೆಯ ನೆಲ ನೀರಾವರಿಯಾಯಿತು, ಭತ್ತದ ಬೇಸಾಯ ಬಲ್ಲ ರೈತರು ಕರಾವಳಿ ಆಂಧ್ರದಿಂದ ಬಂದು ಗಂಗಾವತಿ, ಸಿಂಧನೂರು, ಮಾನ್ವಿ ಕಡೆ ಹೊಲ ಕೊಂಡು ಕ್ಯಾಂಪುಗಳನ್ನು ಕಟ್ಟಿಕೊಂಡರು. ಅವರ ಹಿಂದೆ, ಅರ್ಧ ಶತಮಾನಕ್ಕೂ ಹಿಂದಿನ ಮಾತು, ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ನಿರಾಶ್ರಿತರಿಗೆ ಸರಕಾರವೇ ಇದೇ ತಾಲೂಕಿನಲ್ಲಿ ನೆಲೆ ಮಾಡಿಕೊಟ್ಟಿತು; ಅವು ಇಂದಿಗೂ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳೆಂದೇ ಹೆಸರಾಗಿವೆ. ಲಂಬಾಣಿ ತಾಂಡಾಗಳು, ಉರ್ದು ಮನೆಮಾತಿನ ಓಣಿಗಳು ಇವೆಲ್ಲಕ್ಕಿಂತ ಹಳೆಯವು. ಸೋಮವಾರ ಬೆಳಿಗ್ಗೆ ಈ ಅಂಗಡಿಯ ಮುಂದೆ ನಿಂತರೆ ಈ ಎಲ್ಲ ಕಾಲಘಟ್ಟಗಳ ವಾರಸುದಾರರು ಒಂದೇ ಸಾಲಿನಲ್ಲಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು, ಸರ್ವರ್ ಯಾವಾಗ ಬರುತ್ತದೆಂದು ಕಾಯುತ್ತಿರುತ್ತಾರೆ.

ಹೊರಗಿನ ಫಲಕ ಕಾನೂನಿಗೆ ತಕ್ಕಂತಿದೆ. ನಾಮಫಲಕದ ಶೇಕಡ 60 ಭಾಗ ಕನ್ನಡದಲ್ಲಿರಬೇಕೆಂದು 2024ರಲ್ಲಿ ರಾಜ್ಯ ಸರಕಾರ ತಿದ್ದುಪಡಿ ತಂದ ನಿಯಮವನ್ನು ಇಲ್ಲಿ ಧಾರಾಳವಾಗಿಯೇ ಪಾಲಿಸಿದ್ದಾರೆ. ಕನ್ನಡ ದೊಡ್ಡದಾಗಿ ಮೇಲೆ, ಇಂಗ್ಲಿಷ್ ಸಣ್ಣದಾಗಿ ಕೆಳಗೆ. ಒಳಗಿನ ಗೋಡೆಗೆ ಅಂಥ ಯಾವ ನಿಯಮವೂ ಇಲ್ಲವಾದ್ದರಿಂದಲೋ ಏನೋ, ಅಂಗಡಿಯ ನಿಜವಾದ ಜಾಣ್ಮೆ ಅಲ್ಲಿದೆ. ಯಾವ ಅರ್ಜಿಗೆ ಯಾವ ದಾಖಲೆ ಬೇಕು ಎಂಬುದನ್ನು ಕನ್ನಡ, ತೆಲುಗು, ಉರ್ದು, ಬಂಗಾಳಿ ಲಿಪಿಗಳಲ್ಲಿ ಸ್ಕೆಚ್ ಪೆನ್ನಿನಿಂದ ಕೈಯಾರೆ ಬರೆದು ಅಂಟಿಸಿದ್ದಾರೆ. ಲಂಬಾಣಿಗೆ ತನ್ನದೇ ಲಿಪಿ ಬಳಕೆಯಲ್ಲಿಲ್ಲವಾದ್ದರಿಂದ ಆ ನುಡಿಯ ಪಟ್ಟಿಯನ್ನು ಕನ್ನಡ ಅಕ್ಷರಗಳಲ್ಲಿಯೇ ಬರೆದಿದ್ದಾರೆ. ಓದಲು ಬಾರದವರಿಗಾಗಿ ಪ್ರತಿಯೊಂದು ದಾಖಲೆಯ ಮಾದರಿ ಪ್ರತಿಯನ್ನೂ ಪಕ್ಕದಲ್ಲಿ ಅಂಟಿಸಲಾಗಿದೆ. ಪಡಿತರ ಚೀಟಿಯ ಬಣ್ಣ ತೋರಿಸಿ ‘ಇದು ತಂದೀರೇನು’ ಎಂದು ಕೇಳಿದರೆ ಸಾಕು, ಯಾವ ಭಾಷೆಯೂ ಬೇಕಾಗುವುದಿಲ್ಲ. ಮಾಲೀಕರು ಇದನ್ನೆಲ್ಲ ಯಾವ ಆದರ್ಶಕ್ಕಾಗಿಯೂ ಮಾಡಿದ್ದಲ್ಲ; ಒಂದೇ ಮಾತನ್ನು ದಿನಕ್ಕೆ ನೂರು ಸಲ ಹೇಳಿ ಗಂಟಲು ಹೋಗುತ್ತಿತ್ತು ಎಂಬುದೇ ಅವರು ಕೊಡುವ ಕಾರಣ.

ಕೌಂಟರಿನಲ್ಲಿ ಮೂವರಿದ್ದಾರೆ: ಮಾಲೀಕರು, ಬಂಗಾಳಿ ಕ್ಯಾಂಪಿನಿಂದ ಬರುವ ಪದವೀಧರೆ ಯುವತಿ, ಝೆರಾಕ್ಸ್ ಮತ್ತು ಸ್ಕ್ಯಾನ್ ನೋಡಿಕೊಳ್ಳುವ ಹುಡುಗ. ಮಾಲೀಕರಿಗೆ ಕನ್ನಡ, ತೆಲುಗು, ಉರ್ದು ಮೂರೂ ಸಲೀಸು, ಲಂಬಾಣಿ ವ್ಯವಹಾರಕ್ಕೆ ಸಾಕಾಗುವಷ್ಟು. ಕುರ್ಚಿಯಲ್ಲಿ ಕುಳಿತವರನ್ನು ನೋಡಿದ ಕೂಡಲೆ ಮಾಲೀಕರ ನಾಲಗೆ ಹೊರಳುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಒಬ್ಬ ವೃದ್ಧೆಗೆ ‘ಬರ್ರಿ ಅವ್ವಾರ, ಕುಂದರ್ರಿ’ ಎಂದವರು ಮುಂದಿನವರಿಗೆ ‘ಖಾಲಾ’ ಎನ್ನುತ್ತಾರೆ, ತಾಂಡಾದ ಅಜ್ಜಿಗೆ ‘ಯಾಡಿ’ ಎನ್ನುತ್ತಾರೆ, ಕ್ಯಾಂಪಿನ ತೆಲುಗು ರೈತರ ಹೆಸರಿಗೆ ‘ಗಾರು’ ಹಚ್ಚುತ್ತಾರೆ; ಪಕ್ಕದ ಕುರ್ಚಿಯಲ್ಲಿ ಯುವತಿ ‘ಮಾಶಿ’ ಎಂದು ಶುರು ಮಾಡಿ ಮಾತಿನ ನಡುವೆಯೇ ಮಾಲೀಕರಿಗೆ ಕನ್ನಡದಲ್ಲಿ ಪಹಣಿ ಸಂಖ್ಯೆ ಕೇಳುತ್ತಾಳೆ. ಗ್ರಾಹಕ ಸೇವೆಯ ತರಬೇತಿ ಎಂದು ದೊಡ್ಡ ಕಂಪನಿಗಳು ಹಣ ಸುರಿದು ಕಲಿಸುವ ನಯ ಇಲ್ಲಿ ಯಾರೂ ಕಲಿಸದೆ ಬಂದಿದೆ. ಮಹಿಳೆಯರ ಫೋಟೊ ತೆಗೆಯಲು ಹಿಂದಿನ ಮೂಲೆಯಲ್ಲಿ ಹಳೆಯ ಸೀರೆಯೊಂದನ್ನು ಪರದೆಯಾಗಿ ಕಟ್ಟಿದ್ದಾರೆ. ಬುರ್ಖಾ ತೊಟ್ಟವರು, ಸೆರಗು ಹೊದ್ದವರು ಪರದೆಯ ಒಳಗೆ ಹೋಗುತ್ತಾರೆ, ಯುವತಿ ಫೋಟೊ ತೆಗೆಯುತ್ತಾಳೆ. ಇದೇ ರಾಜ್ಯದಲ್ಲಿ 2022ರಲ್ಲಿ ತಲೆವಸ್ತ್ರದ ಪ್ರಶ್ನೆ ಕಾಲೇಜಿನ ಗೇಟಿನಿಂದ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪಿನಲ್ಲಿ ನಿಂತಿತೆಂಬುದನ್ನು ನೆನೆದರೆ, ಈ ಸೀರೆಯ ಪರದೆಗೆ ಒಂದು ಅಂಕ ಹೆಚ್ಚು ಕೊಡಬೇಕೆನಿಸುತ್ತದೆ.

ಆದರೆ ಈ ಅಂಗಡಿಯ ಹಿರಿಮೆ ಮಾತಿನ ನಯಕ್ಕಿಂತ ಹೆಚ್ಚಾಗಿ ಹೆಸರುಗಳನ್ನು ಸಂಭಾಳಿಸುವ ರೀತಿಯಲ್ಲಿದೆ. ಸರಕಾರಿ ತಂತ್ರಾಂಶಗಳು ಹೆಸರಿಗಾಗಿ ಮೀಸಲಿಟ್ಟ ಚೌಕಗಳು ಒಂದೇ ಬಗೆಯ ಕುಟುಂಬವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದಂಥವು: ಮೊದಲ ಹೆಸರು, ನಡುವಿನ ಹೆಸರು, ಕೊನೆಯ ಹೆಸರು. ತೆಲುಗು ಕ್ಯಾಂಪಿನವರಿಗೆ ಮನೆತನದ ಹೆಸರು ಮೊದಲು ಬರುತ್ತದೆ. ಅದನ್ನು ‘ಮೊದಲ ಹೆಸರು’ ಎಂದು ತುಂಬಿದರೆ ಇಡೀ ಮನೆಯವರೆಲ್ಲ ಒಂದೇ ಹೆಸರಿನವರಾಗಿಬಿಡುತ್ತಾರೆ. ನಮ್ಮ ಕಡೆಯ ಅನೇಕ ಕನ್ನಡ ಕುಟುಂಬಗಳಿಗೆ ಅಡ್ಡಹೆಸರೇ ಇಲ್ಲ, ತಂದೆಯ ಹೆಸರು, ಊರಿನ ಹೆಸರುಗಳೇ ಅಕ್ಷರವಾಗಿ ಮುಂದೆ ಕೂಡುತ್ತವೆ. ಮುಸ್ಲಿಂ ಹೆಣ್ಣುಮಕ್ಕಳಿಗೆ ಒಂದು ದಾಖಲೆಯಲ್ಲಿ ‘ಬೀ’, ಇನ್ನೊಂದರಲ್ಲಿ ‘ಬೇಗಂ’, ಮೂರನೆಯದರಲ್ಲಿ ಎರಡೂ ಇಲ್ಲ. ಲಂಬಾಣಿ ಮಹಿಳೆಯರ ಹೆಸರಿನ ಕೊನೆಯ ‘ಬಾಯಿ’ ಪಡಿತರ ಚೀಟಿಯಲ್ಲಿ ‘ಅವ್ವ’ ಆಗಿರುತ್ತದೆ, ಏಕೆಂದರೆ ಹಿಂದೆಂದೋ ಹೆಸರು ಬರೆದುಕೊಂಡ ಗುಮಾಸ್ತರು ತಮಗೆ ಕೇಳಿದ್ದನ್ನು ತಮಗೆ ತಿಳಿದಂತೆ ಬರೆದರು. ಬಂಗಾಳಿಗಳದು ಇನ್ನೂ ಫಜೀತಿ. ಇಂಗ್ಲಿಷಿನಲ್ಲಿ ಬಿ ಅಕ್ಷರದಿಂದ ಶುರುವಾಗುವ ‘ಬಿಶ್ವಾಸ್’ ಕನ್ನಡ ದಾಖಲೆಯಲ್ಲಿ ‘ವಿಶ್ವಾಸ’ ಎಂದಾಗಿರುತ್ತದೆ. ಅದೇ ಕನ್ನಡ ರೂಪವನ್ನು ನೋಡಿ ಇನ್ನೊಬ್ಬರು ಮತ್ತೆ ಇಂಗ್ಲಿಷಿಗೆ ತಂದಾಗ ವಿ ಅಕ್ಷರ ಬರುತ್ತದೆ. ಅಲ್ಲಿಗೆ ಒಬ್ಬನೇ ಮನುಷ್ಯ ಕಂಪ್ಯೂಟರಿನ ಕಣ್ಣಿಗೆ ಇಬ್ಬರಾದ, ಹಣ ನಿಂತಿತು.

ಬೇರೆ ಒಂದು ಕೇಂದ್ರದಲ್ಲಿ, ಅದರ ಹೆಸರು ಇಲ್ಲಿ ಬೇಡ, ನಮ್ಮ ಮನೆಯ ಹಿರಿಯರೊಬ್ಬರ ಪಿಂಚಣಿ ಇಂಥದೇ ಒಂದು ಒತ್ತಕ್ಷರದ ದೆಸೆಯಿಂದ ತಿಂಗಳುಗಟ್ಟಲೆ ಅಲೆದಾಡಿತ್ತು. ಅಲ್ಲಿಯ ಉತ್ತರ ‘ಸಿಸ್ಟಮ್ ತಗೊಳ್ಳವಲ್ದು’ ಎಂಬಷ್ಟಕ್ಕೆ ಮುಗಿಯುತ್ತಿತ್ತು. ಸಿಂಧನೂರಿನ ಅಂಗಡಿಯಲ್ಲಿ ಅರ್ಜಿ ತುಂಬುವ ಮೊದಲೇ ಎಲ್ಲ ದಾಖಲೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿ, ಹೆಸರಿನ ಮೇಲೆ ಸ್ಕೇಲ್ ಇಟ್ಟು, ಅಕ್ಷರ ಅಕ್ಷರ ತಾಳೆ ನೋಡುತ್ತಾರೆ. ವ್ಯತ್ಯಾಸ ಕಂಡರೆ ಅರ್ಜಿಯನ್ನು ಮುಂದುವರಿಸುವುದಿಲ್ಲ. ಯಾವ ದಾಖಲೆಯನ್ನು ಮೂಲವೆಂದು ಹಿಡಿಯಬೇಕು, ಯಾವುದನ್ನು ತಿದ್ದಿಸಬೇಕು, ಎಲ್ಲಿಗೆ ಹೋಗಬೇಕು, ನೋಟರಿಯ ಪ್ರಮಾಣಪತ್ರ ಬೇಕೋ ಬೇಡವೋ ಎಂಬುದನ್ನು ಹಾಳೆಯೊಂದರಲ್ಲಿ ಬರೆದು ಕೈಗಿಡುತ್ತಾರೆ. ಆ ಹಾಳೆಗೆ ದುಡ್ಡಿಲ್ಲ. ಮಾಲೀಕರ ಬಳಿ ಉದ್ದನೆಯ ಲೆಡ್ಜರ್ ಪುಸ್ತಕವೊಂದಿದೆ. ಕ್ಯಾಂಪು, ತಾಂಡಾಗಳ ಪ್ರಕಾರ ಯಾವ ಹೆಸರು ಯಾವ ಯಾವ ರೂಪದಲ್ಲಿ ಬರುತ್ತದೆ ಎಂಬುದನ್ನು ಅದರಲ್ಲಿ ಬರೆದಿಟ್ಟುಕೊಂಡಿದ್ದಾರೆ. ವೈವಿಧ್ಯವನ್ನು ಆಳುವವರಿಗೆ ನಿಜಕ್ಕೂ ಬೇಕಾದ ದಾಖಲೆ ಅದು, ಮತ್ತು ಅದು ಇರುವುದು ಒಂದು ಝೆರಾಕ್ಸ್ ಅಂಗಡಿಯಲ್ಲಿ.

ಎರಡನೆಯ ಮೆಚ್ಚುಗೆ, ‘ಆಗುವುದಿಲ್ಲ’ ಎಂದು ಮೊದಲೇ ಹೇಳುವ ಪ್ರಾಮಾಣಿಕತೆಗೆ. ಸಂವಿಧಾನದ 341 ಮತ್ತು 342ನೇ ವಿಧಿಗಳ ಪ್ರಕಾರ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಪಟ್ಟಿ ರಾಜ್ಯ ರಾಜ್ಯಕ್ಕೆ ಬೇರೆ; ಅದನ್ನು ಬದಲಿಸುವ ಅಧಿಕಾರ ಸಂಸತ್ತಿಗೆ ಮಾತ್ರ. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಗಡಿ ದಾಟಿದರೆ ತೆಲಂಗಾಣ, ಆಂಧ್ರಗಳಲ್ಲಿ ಪರಿಶಿಷ್ಟ ಪಂಗಡ. ರಾಯಚೂರಿನ ತಾಂಡಾಕ್ಕೆ ಗದ್ವಾಲ ಕಡೆಯಿಂದ ಸೊಸೆಯಾಗಿ ಬಂದ ಹೆಣ್ಣುಮಗಳು ತವರಿನ ಎಸ್.ಟಿ. ಪತ್ರ ಹಿಡಿದು ಬಂದರೆ ಅದಕ್ಕೆ ಇಲ್ಲಿ ಮಾನ್ಯತೆ ಸಿಗುವುದಿಲ್ಲ. ಒಂದು ರಾಜ್ಯದ ಮೀಸಲಾತಿ ಸೌಲಭ್ಯ ವಲಸೆ ಹೋದ ರಾಜ್ಯಕ್ಕೆ ಹಿಂಬಾಲಿಸಿ ಬರುವುದಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1990ರಲ್ಲಿಯೇ ಹೇಳಿದೆ. ಬಂಗಾಳಿ ಕ್ಯಾಂಪುಗಳ ಸ್ಥಿತಿ ಇದಕ್ಕಿಂತ ಬಿಗಿ. ಅಲ್ಲಿಯ ಹಲವರು ನಾಮಶೂದ್ರ ಸಮುದಾಯದವರು. ಪಶ್ಚಿಮ ಬಂಗಾಳದಲ್ಲಿ ಅದು ಪರಿಶಿಷ್ಟ ಜಾತಿ, ಕರ್ನಾಟಕದ ಪಟ್ಟಿಯಲ್ಲಿ ಆ ಹೆಸರೇ ಇಲ್ಲ. ಇಲ್ಲಿಯೇ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿ, ಕನ್ನಡದಲ್ಲಿಯೇ ಜಗಳವಾಡುವ ಮೂರನೆಯ ತಲೆಮಾರಿನ ಹುಡುಗರಿಗೆ ಇದನ್ನು ವಿವರಿಸುವುದು ಸುಲಭದ ಕೆಲಸವಲ್ಲ. ಕೆಲವು ಕಡೆ ಇಂಥವರಿಂದ ಪ್ರತಿ ವರ್ಷ ಅರ್ಜಿ ಹಾಕಿಸಿ, ಪ್ರತಿ ವರ್ಷ ತಿರಸ್ಕೃತವಾಗುವುದನ್ನು ನೋಡುತ್ತ ಶುಲ್ಕ ಎಣಿಸಿಕೊಳ್ಳುತ್ತಾರೆ. ಈ ಅಂಗಡಿಯಲ್ಲಿ ‘ಇದು ಆಗಂಗಿಲ್ಲಪಾ, ಸುಮ್ನ ರೊಕ್ಕ ಹಾಳ ಮಾಡಿಕೋಬ್ಯಾಡ’ ಎಂಬ ಮಾತು ಮೊದಲ ದಿನವೇ ಬರುತ್ತದೆ. ಪೌರತ್ವದ ವಿಷಯದಲ್ಲಿಯೂ ಅಷ್ಟೇ. ತಿದ್ದುಪಡಿ ಕಾಯ್ದೆಯ ನಿಯಮಗಳು 2024ರ ಮಾರ್ಚ್ 11ರಂದು ಪ್ರಕಟವಾದ ಮೇಲೆ ಕ್ಯಾಂಪುಗಳಲ್ಲಿ ತಡವಾಗಿ ಬಂದು ನೆಲೆಸಿದವರು ವಿಚಾರಿಸತೊಡಗಿದರು; 2014ರ ಡಿಸೆಂಬರ್ 31ರೊಳಗೆ ಬಂದದ್ದಕ್ಕೆ ಆಧಾರವೇನಿದೆ ಎಂದು ಕೇಳಿ, ದಾಖಲೆ ನೋಡಿ, ವಕೀಲರ ಬಳಿ ಹೋಗಿ ಎಂದು ಕಳಿಸುತ್ತಾರೆಯೇ ಹೊರತು ತಾವು ಕೈ ಹಾಕುವುದಿಲ್ಲ. ಧರ್ಮವನ್ನು ನೋಡಿ ಪೌರತ್ವದ ದಾರಿ ತೆರೆಯುವ ಆ ಕಾಯ್ದೆ ಸರಿಯೇ ತಪ್ಪೇ ಎಂಬ ವಾದ ಸರದಿಯಲ್ಲಿ ಒಮ್ಮೊಮ್ಮೆ ಜೋರಾಗಿಯೇ ಏಳುತ್ತದೆ. ಆಗ ಝೆರಾಕ್ಸ್ ಹುಡುಗ ಫ್ಯಾನ್ ವೇಗ ಹೆಚ್ಚಿಸುತ್ತಾನೆ.

ಇನ್ನು ಕೊರತೆಯ ವಿಷಯಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಈ ವಿಮರ್ಶೆಯ ತಿರುಳು ಇದೇ. ಬಂಗಾಳಿ ಯುವತಿ ರಜೆ ಹಾಕಿದ ದಿನ ಅರ್ಧ ಅಂಗಡಿ ಮುಚ್ಚಿದಂತೆಯೇ. ದುರ್ಗಾಪೂಜೆಯ ವಾರ ಕ್ಯಾಂಪಿನವರಾರೂ ಬರುವುದಿಲ್ಲವಾದ್ದರಿಂದ ತೊಂದರೆಯಿಲ್ಲ, ಆದರೆ ಪರೀಕ್ಷೆಗೆಂದು ಆಕೆ ಬೇರೆ ಊರಿಗೆ ಹೋದಾಗ ಕ್ಯಾಂಪಿನ ಮುದುಕರೊಬ್ಬರು ಭೂಮಿಯ ಹಕ್ಕುಪತ್ರ ಹಿಡಿದು ಬಂದಿದ್ದರು. ಮಾಲೀಕರು ಮೊಬೈಲಿನ ಅನುವಾದದ ಆ್ಯಪ್ ತೆರೆದು ಅವರ ಮುಂದೆ ಹಿಡಿದರು. ಆ್ಯಪಿಗೆ ತಿಳಿದದ್ದು ಪುಸ್ತಕದ ಬಂಗಾಳಿ, ಮುದುಕರದು ಪೂರ್ವ ಬಂಗಾಳದ ಹಳ್ಳಿಯ ಆಡುನುಡಿ, ಅದರೊಳಗೆ ಐವತ್ತು ವರ್ಷದ ರಾಯಚೂರು ಕನ್ನಡ ಬೆರೆತಿದೆ. ಪರದೆಯ ಮೇಲೆ ಮೂಡಿದ ವಾಕ್ಯಕ್ಕೂ ಅವರ ಹೊಲದ ತಕರಾರಿಗೂ ಯಾವ ಸಂಬಂಧವೂ ಇರಲಿಲ್ಲ. ಕೊನೆಗೆ ಅವರು ಕನ್ನಡದಲ್ಲಿಯೇ, ತಮಗೆ ಬಂದಷ್ಟರಲ್ಲಿ, ಅಳಿಯನ ಹೆಸರು ಸೇರಿಸಬೇಕೆಂದು ಹೇಳಿದರು. ಸೇರಿಸಬೇಕಾದದ್ದು ಮಗಳ ಹೆಸರು ಎಂಬುದು ಮರುವಾರ ಯುವತಿ ಬಂದು ಮಾತಾಡಿಸಿದ ಮೇಲೆ ತಿಳಿಯಿತು. ಅದೃಷ್ಟಕ್ಕೆ ಅರ್ಜಿ ಇನ್ನೂ ಹೋಗಿರಲಿಲ್ಲ.

ಸಂವಿಧಾನದ 350ನೇ ವಿಧಿ, ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ತನ್ನ ಕುಂದುಕೊರತೆಯ ಮನವಿ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. 1956ರ ಏಳನೇ ತಿದ್ದುಪಡಿ ಅದಕ್ಕೆ ಇನ್ನೆರಡನ್ನು ಸೇರಿಸಿತು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ, ಮತ್ತು ಅವರ ಹಿತ ಕಾಯಲು ಒಬ್ಬ ವಿಶೇಷಾಧಿಕಾರಿ. ಒಂದು ತಾಲೂಕಿನಲ್ಲಿ ಯಾವುದೇ ಭಾಷಾ ಅಲ್ಪಸಂಖ್ಯಾತರು ಶೇಕಡ 15ರಿಂದ 20ರಷ್ಟಿದ್ದರೆ ಮುಖ್ಯವಾದ ಪ್ರಕಟಣೆಗಳನ್ನು ಅವರ ಭಾಷೆಯಲ್ಲಿಯೂ ಹೊರಡಿಸಬೇಕು, ಒಂದು ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ಅವರ ಭಾಷೆಯ ಶಿಕ್ಷಕರನ್ನು ಕೊಡಬೇಕು ಎಂಬ ಒಪ್ಪಂದಗಳೂ ಇವೆ. ಕಾಗದದ ಮೇಲೆ ಇದು ಜಗತ್ತಿನ ಉದಾರ ವ್ಯವಸ್ಥೆಗಳಲ್ಲಿ ಒಂದು. ಆದರೆ ಮನವಿ ಸಲ್ಲಿಸುವ ಹಕ್ಕಿನ ಜೊತೆಗೆ ಅದನ್ನು ಓದಿ ತಿಳಿದುಕೊಳ್ಳುವ ವ್ಯಕ್ತಿಯೊಬ್ಬರನ್ನು ಕಿಟಕಿಯ ಒಳಗೆ ಕೂರಿಸುವ ಹೊಣೆಯನ್ನು ಯಾರ ಮೇಲೂ ಹೊರಿಸಿಲ್ಲ. ಶೇಕಡಾವಾರಿನ ಲೆಕ್ಕವೂ ಚದುರಿದ ಕ್ಯಾಂಪುಗಳಿಗೆ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಸಿಂಧನೂರಿನಲ್ಲಿ 350ನೇ ವಿಧಿ ನಡೆಯುತ್ತಿರುವುದು ತಿಂಗಳ ಸಂಬಳಕ್ಕೆ ದುಡಿಯುವ ಒಬ್ಬ ಹುಡುಗಿಯ ಮೇಲೆ. ಆಕೆ ರಜೆ ಹಾಕಿದರೆ ವಿಧಿಯೂ ರಜೆಯಲ್ಲಿರುತ್ತದೆ. ಆಸ್ಟ್ರೇಲಿಯಾದ ಸರಕಾರ 1973ರಲ್ಲಿ ದೂರವಾಣಿ ಮೂಲಕ ದುಭಾಷಿಗಳನ್ನು ಒದಗಿಸುವ ಸೇವೆ ಆರಂಭಿಸಿತು, ಇಂದು ಅದು 150ಕ್ಕೂ ಹೆಚ್ಚು ಭಾಷೆಗಳಲ್ಲಿ ಸಿಗುತ್ತದೆ. ಆಸ್ಪತ್ರೆಯಲ್ಲಿಯೋ ಕಚೇರಿಯಲ್ಲಿಯೋ ಮಾತು ತಿಳಿಯದೆ ಹೋದರೆ ಫೋನಿನ ಇನ್ನೊಂದು ತುದಿಯಲ್ಲಿ ಮನುಷ್ಯರು ಸಿಗುತ್ತಾರೆ. ಪ್ರತಿಯೊಂದು ಕ್ಯಾಂಪಿನಲ್ಲಿಯೂ ಎರಡು ಭಾಷೆ ಬಲ್ಲ ಪದವೀಧರರು ಕೆಲಸವಿಲ್ಲದೆ ಕುಳಿತಿರುವ ನಮ್ಮ ಜಿಲ್ಲೆಯಲ್ಲಿ ಅಂಥದೊಂದು ವ್ಯವಸ್ಥೆಗೆ ಬೇಕಾದದ್ದು ಯಂತ್ರಕ್ಕಿಂತ ಹೆಚ್ಚಾಗಿ ಒಂದು ಆದೇಶ ಮತ್ತು ಒಂದಿಷ್ಟು ಗೌರವಧನ.

ಇಲ್ಲೊಂದು ಆಕ್ಷೇಪಣೆ ಬರುತ್ತದೆ, ಅದು ಬರಬೇಕಾದದ್ದೇ: ಎಲ್ಲರಿಗೂ ಅವರವರ ಭಾಷೆಯಲ್ಲಿ ಕೆಲಸವಾಗತೊಡಗಿದರೆ ಕನ್ನಡದ ಗತಿಯೇನು? ಗಡಿಜಿಲ್ಲೆಯವರಾದ ನಮಗೆ ಈ ಭಯ ಹೊಸದಲ್ಲ, ಹುಸಿಯೂ ಅಲ್ಲ. ಇದೇ ಭಯದ ಇನ್ನೊಂದು ನಾಡು ಕೆನಡಾದ ಕ್ವಿಬೆಕ್. 1971ರಲ್ಲಿ ಕೆನಡಾ ಬಹುಸಂಸ್ಕೃತಿಯನ್ನು ಸರಕಾರದ ನೀತಿಯೆಂದು ಘೋಷಿಸಿತು, 1988ರಲ್ಲಿ ಕಾಯ್ದೆಯನ್ನೂ ಮಾಡಿತು. ಆದರೆ ಇಂಗ್ಲಿಷಿನ ಸಮುದ್ರದ ನಡುವೆ ಫ್ರೆಂಚ್ ಉಳಿಸಿಕೊಳ್ಳಬೇಕಾದ ಕ್ವಿಬೆಕ್ ಅದನ್ನು ಮನಸಾರೆ ಒಪ್ಪಲಿಲ್ಲ. 2022ರಲ್ಲಿ ಅಲ್ಲಿ ಬಂದ ಕಾನೂನಿನ ಪ್ರಕಾರ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಹೊಸದಾಗಿ ಬಂದ ವಲಸಿಗರೊಡನೆ ಆರು ತಿಂಗಳ ನಂತರ ಸರಕಾರ ಫ್ರೆಂಚಿನಲ್ಲಿಯೇ ವ್ಯವಹರಿಸಬೇಕು. ಉದ್ದೇಶ ನನಗೆ ಅರ್ಥವಾಗುತ್ತದೆ, ಉಪಾಯ ಒಪ್ಪಿಗೆಯಾಗುವುದಿಲ್ಲ. ಆರು ತಿಂಗಳಲ್ಲಿ ಭಾಷೆ ಕಲಿಯುವುದು ಹುಡುಗರಿಗೆ ಸಾಧ್ಯ, ಎಪ್ಪತ್ತು ದಾಟಿದ ವಿಧವೆಗೆ ಅಲ್ಲ. ಅಮೆರಿಕದಲ್ಲಿ ಇಂಗ್ಲಿಷ್ ಬಾರದವರಿಗೂ ಸರಕಾರಿ ಸೇವೆ ಮುಟ್ಟಬೇಕೆಂದು 2000ದಲ್ಲಿ ಹೊರಟಿದ್ದ ಅಧ್ಯಕ್ಷರ ಆದೇಶವನ್ನು 2025ರಲ್ಲಿ ರದ್ದುಮಾಡಿದ್ದೂ ಇದೇ ಜಾಡಿನದು. ಯುರೋಪಿನಲ್ಲಿ 2010ರಲ್ಲಿ ಜರ್ಮನಿಯ ಏಂಜೆಲಾ ಮರ್ಕೆಲ್, ಮರುವರ್ಷ ಬ್ರಿಟನ್ನಿನ ಡೇವಿಡ್ ಕ್ಯಾಮರೂನ್ ಬಹುಸಂಸ್ಕೃತಿ ಸೋತಿತೆಂದು ಭಾಷಣ ಮಾಡಿದ್ದರು. ತನ್ನ ನೆಲದಲ್ಲಿ ಹುಟ್ಟಿದ ವಲಸಿಗರ ಮಕ್ಕಳಿಗೆ 2000ದವರೆಗೆ ಹುಟ್ಟಿನಿಂದಲೇ ಬರುವ ಪೌರತ್ವವನ್ನು ಕೊಡದಿದ್ದ ಜರ್ಮನಿ ಬಹುಸಂಸ್ಕೃತಿಯನ್ನು ಯಾವಾಗ ಪ್ರಯೋಗಿಸಿ ನೋಡಿತು ಎಂಬುದು ಬೇರೆ ಮಾತು.

ಈ ಅಂಗಡಿಯಲ್ಲಿ ಮಾತು ಯಾವ ಭಾಷೆಯಲ್ಲಿ ನಡೆದರೂ ಹೋಗುವ ಅರ್ಜಿ ಕನ್ನಡದ್ದೇ. ತುಂಬಿದ ಅರ್ಜಿಯನ್ನು ಯುವತಿ ಮೊದಲು ಕನ್ನಡದಲ್ಲಿ ಗಟ್ಟಿಯಾಗಿ ಓದುತ್ತಾಳೆ, ಆಮೇಲೆ ಅವರ ಭಾಷೆಯಲ್ಲಿ ಹೇಳುತ್ತಾಳೆ, ಸರಿಯೆಂದ ಮೇಲೆ ಸಹಿ ಅಥವಾ ಹೆಬ್ಬೆಟ್ಟು. ಪಕ್ಕದಲ್ಲಿ ನಿಂತ ಮೊಮ್ಮಕ್ಕಳು ‘ಅಲ್ಲಕ್ಕಾ, ಅದು ಹಂಗಲ್ಲ’ ಎಂದು ಕನ್ನಡದಲ್ಲಿಯೇ ತಿದ್ದುತ್ತಾರೆ. ಹೀಗೆ ಕನ್ನಡ ಕಲಿತವರನ್ನು ನಾನು ಇಲ್ಲಿ ನೋಡಿದ್ದೇನೆ. ಕನ್ನಡ ಬರುವುದಿಲ್ಲವೆಂದು ಕಿಟಕಿಯಿಂದ ಹಿಂದೆ ಕಳಿಸಿದ್ದರಿಂದ ಕಲಿತವರನ್ನು ಎಲ್ಲಿಯೂ ನೋಡಿಲ್ಲ.

ಮಾತೃಭಾಷೆಯ ಕಲಮು ಬಂದಾಗ ಮಾತ್ರ ಅಂಗಡಿಯವರೂ ಕೈಚೆಲ್ಲುತ್ತಾರೆ. ಕೆಲವು ಅರ್ಜಿಗಳಲ್ಲಿ ಆಯ್ಕೆಯ ಪಟ್ಟಿ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಿಗೆ ಮುಗಿಯುತ್ತದೆ, ಆಮೇಲೆ ‘ಇತರೆ’. ಲಂಬಾಣಿ ಆ ಇತರೆಯೊಳಗೆ. 2011ರ ಜನಗಣತಿಯಲ್ಲಿಯಂತೂ ಲಂಬಾಣಿ ನುಡಿಯನ್ನು ಹಿಂದಿಯ ಕೆಳಗೆ ಸೇರಿಸಿ ಎಣಿಸಲಾಗಿದೆ. ತಾಂಡಾದ ಅಜ್ಜಿಯ ಅರ್ಜಿಯಲ್ಲಿ ಹುಡುಗ ‘ಹಿಂದಿ’ ಒತ್ತಿದ್ದನ್ನು ನೋಡಿ ನಾನು ತಕರಾರು ತೆಗೆದೆ. ಆತ ‘ಇತರೆ ಒತ್ತಿದ್ರ ಮತ್ತ ಒಂದು ಪೇಜ್ ಬರತೈತ್ರಿ ಸರ್’ ಎಂದ. ಅಜ್ಜಿಗೆ ಹಿಂದಿ ಬರುವುದಿಲ್ಲ. ಇದನ್ನು ಅಂಗಡಿಯ ದೋಷವೆನ್ನಲೋ ತಂತ್ರಾಂಶ ಮಾಡಿದವರದೆನ್ನಲೋ, ಅಂತೂ ಆ ಹೆಚ್ಚಿನ ಪುಟವನ್ನು ತುಂಬುವ ಶ್ರಮ ತೆಗೆದುಕೊಳ್ಳಬೇಕಿತ್ತು. ಮುಂದೆ ಯಾರೋ ಈ ಅಂಕಿಗಳನ್ನು ಕೂಡಿಸಿ ತಾಂಡಾದಲ್ಲಿ ಲಂಬಾಣಿ ಶಿಕ್ಷಕರ ಅಗತ್ಯವಿಲ್ಲವೆಂದು ತೀರ್ಮಾನಿಸಬಹುದು.

ಸಣ್ಣವಲ್ಲದ ಇನ್ನೊಂದು ದೂರಿದೆ. ಜಾತಿ, ಧರ್ಮ, ವಿಧವೆಯೋ ಅಲ್ಲವೋ, ಅಂಗವೈಕಲ್ಯ ಎಷ್ಟು ಎಂಬ ಪ್ರಶ್ನೆಗಳನ್ನು ಇಡೀ ಸರದಿಗೆ ಕೇಳಿಸುವಂತೆ ಕೇಳುತ್ತಾರೆ. ಪರಿಶಿಷ್ಟ ಜಾತಿಯ ಹುಡುಗಿಯೊಬ್ಬಳು ತನ್ನ ಉಪಜಾತಿಯನ್ನು ಹೇಳುವಾಗ ಹಿಂದೆ ನಿಂತವರ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ್ದನ್ನು, ಹುಡುಗ ‘ಏನಂದ್ರಿ, ಜೋರಾಗಿ ಹೇಳ್ರಿ’ ಎಂದದ್ದನ್ನು ನಾನೇ ಕಂಡೆ. ಫೋಟೊಗೆ ಪರದೆ ಕಟ್ಟುವಷ್ಟು ಸೂಕ್ಷ್ಮವಿರುವವರಿಗೆ ಇದು ಹೊಳೆಯದೆ ಹೋದದ್ದು ಆಶ್ಚರ್ಯ. ಒಂದು ಚೀಟಿ ಕೊಟ್ಟು ಬರೆಸಿಕೊಂಡರೆ, ಬರೆಯಲಾಗದವರನ್ನು ಪರದೆಯ ಮೂಲೆಗೆ ಕರೆದು ಕೇಳಿದರೆ ಮುಗಿಯಿತು. ದಾಖಲೆಗಳ ಸ್ಕ್ಯಾನ್ ಪ್ರತಿಗಳು ಕಂಪ್ಯೂಟರಿನ ಡೆಸ್ಕ್‌ಟಾಪಿನಲ್ಲಿ ಹೆಸರು ಸಮೇತ ಹಾಗೆಯೇ ಉಳಿದಿರುತ್ತವೆ. ಕೆಟ್ಟು ಬಂದ ಝೆರಾಕ್ಸ್ ಹಾಳೆಗಳ ಹಿಂಬದಿಯಲ್ಲಿ ಲೆಕ್ಕ ಬರೆಯುತ್ತಾರೆ. ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆ 2023ರಲ್ಲಿ ಕಾಯ್ದೆ ಬಂದಿದೆ ಎಂದಾಗ ಮಾಲೀಕರು ನಕ್ಕರು, ಆದರೆ ಮರುಸಲ ಹೋದಾಗ ಆ ಹಾಳೆಗಳನ್ನು ಹರಿದು ಹಾಕುವ ಡಬ್ಬಿಯೊಂದು ಮೇಜಿನ ಕೆಳಗೆ ಬಂದಿತ್ತು. ಡೆಸ್ಕ್‌ಟಾಪ್ ಮಾತ್ರ ಹಾಗೆಯೇ ಇದೆ.

ರಜೆಯ ಪಟ್ಟಿ ಬಾಗಿಲಿಗೆ ಅಂಟಿಸಿದೆ: ಯುಗಾದಿ, ರಂಜಾನ್, ಬಕ್ರೀದ್, ದೀಪಾವಳಿ, ಮೊಹರಮ್ಮಿನ ಕೊನೆಯ ದಿನ, ದುರ್ಗಾಷ್ಟಮಿ, ಸೇವಾಲಾಲ್ ಜಯಂತಿ. ಎಲ್ಲರ ಹಬ್ಬಕ್ಕೂ ಅಂಗಡಿ ಪೂರ್ತಿ ಬಂದ್. ಕೇಳಲು ಚೆಂದವಾಗಿದೆ, ಬಿಸಿಲಲ್ಲಿ ಬಸ್ಸಿಳಿದು ಬಂದವರಿಗೆ ಚೆಂದವಲ್ಲ. ಸರಕಾರಿ ನೌಕರರಿಗೆ ಸಾರ್ವತ್ರಿಕ ರಜೆಗಳ ಜೊತೆಗೆ ಪಟ್ಟಿಯಿಂದ ತಮಗೆ ಬೇಕಾದ್ದನ್ನು ಆಯ್ದುಕೊಳ್ಳುವ ಪರಿಮಿತ ರಜೆಗಳಿರುತ್ತವೆ. ಕಚೇರಿ ತೆರೆದಿರುತ್ತದೆ, ಹಬ್ಬವಿರುವವರು ಮನೆಯಲ್ಲಿರುತ್ತಾರೆ. ಮೂವರೇ ಇರುವ ಅಂಗಡಿಗೂ ಆ ಪದ್ಧತಿ ಒಗ್ಗುತ್ತದೆ.

ದರಗಳು ಸುತ್ತಲಿನ ಅಂಗಡಿಗಳಷ್ಟೇ, ಹೆಚ್ಚಿಲ್ಲ. ಸರಕಾರಿ ಶುಲ್ಕ ಎಷ್ಟು, ತಮ್ಮ ಕೂಲಿ ಎಷ್ಟು ಎಂಬುದನ್ನು ರಸೀದಿಯಲ್ಲಿ ಬೇರೆ ಬೇರೆ ಬರೆದು ಕೊಡುತ್ತಾರೆ. ಆಧಾರ್ ತಿದ್ದುಪಡಿ ಇಲ್ಲಿ ಆಗುವುದಿಲ್ಲ, ಅದಕ್ಕೆ ಅಧಿಕೃತ ಕೇಂದ್ರಕ್ಕೇ ಹೋಗಬೇಕು. ಸೋಮವಾರ ಮತ್ತು ತಿಂಗಳ ಮೊದಲ ವಾರ ಗದ್ದಲ ಹೆಚ್ಚು. ಮಧ್ಯಾಹ್ನ ಮೂರರ ನಂತರ ಹೋದರೆ ಕುರ್ಚಿ ಸಿಗುತ್ತದೆ, ಸರ್ವರ್ ಸಿಗುವುದು ಅವರ ಕೈಯಲ್ಲಿಲ್ಲ. ಬಂಗಾಳಿ ಕ್ಯಾಂಪಿನ ಹಿರಿಯರನ್ನು ಕರೆದುಕೊಂಡು ಹೋಗುವವರು ಯುವತಿ ಇದ್ದಾಳೆಯೇ ಎಂದು ಮೊದಲೇ ಫೋನ್ ಮಾಡಿ ವಿಚಾರಿಸುವುದು ಒಳ್ಳೆಯದು. ತಾಂಡಾದವರಿಗಾಗಿ ಲಂಬಾಣಿ ಬಲ್ಲ ಒಬ್ಬರನ್ನು ವಾರಕ್ಕೆ ಎರಡು ದಿನವಾದರೂ ಕೂರಿಸಬೇಕೆಂಬ ಸಲಹೆಯನ್ನು ಮಾಲೀಕರ ಮುಂದಿಟ್ಟಿದ್ದೇನೆ. ಸಂಬಳ ಯಾರು ಕೊಡುತ್ತಾರೆಂದು ಅವರು ಕೇಳಿದರು, ಆ ಪ್ರಶ್ನೆಯನ್ನು ಕೇಳಬೇಕಾದದ್ದು ಅವರನ್ನಲ್ಲ, ತಾಲೂಕು ಆಡಳಿತವನ್ನು ಎಂಬುದು ನನ್ನ ಅಭಿಪ್ರಾಯ. ಐದಕ್ಕೆ ನಾಲ್ಕು ನಕ್ಷತ್ರ. ಕಳೆದ ಒಂದು ಆ ‘ಜೋರಾಗಿ ಹೇಳ್ರಿ’ಗೆ.